ಜೀವಕೋಶದ ಒಳರಚನೆ: ಕಂಡುದೂ ಇದ್ದುದೂ

೧

ಸಸ್ಯವಾಗಲಿ ಪ್ರಾಣಿಯಾಗಲಿ, ಜೀವವುಳ್ಳ ದೇಹಗಳೆಲ್ಲವೂ ಜೀವಕೋಶಗಳಿಂದ ಆದುವೆಂಬುದು ಇಂದು ಶಾಲೆಯ ಬಾಲಕರಿಗೂ ತಿಳಿದ ಸಂಗತಿ. ಪಠ್ಯಪುಸ್ತಕಗಳಲ್ಲಿ ಈ ಕೋಶದ ಚಿತ್ರವೊಂದು ತಪ್ಪದೆ ಇರುವುದು. ನಡುವೆ ಗುಂಡಾದ ಕೋಶಕೇಂದ್ರ, ಅದರ ಸುತ್ತಲೂ ಮಡಿಕೆಮಡಿಕೆಯಾದ ಪೊರೆಗಳು, ಅಲ್ಲಲ್ಲಿ ಅವರೆಕಾಳಿನ ಆಕಾರದ ಮೈಟೊಕಾಂಡ್ರಿಯಗಳು, ಒಂದು ಬದಿಯಲ್ಲಿ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಂತಹ ಗಾಲ್ಜಿ ಸಂಪುಟ. ಇವೆಲ್ಲವೂ ಅದರಲ್ಲಿ ಬಗೆಬಗೆಯ ಬಣ್ಣಗಳಿಂದ ಸ್ಪಷ್ಟವಾಗಿ ತೋರಿಸಲ್ಪಟ್ಟಿರುವುವು. ನೋಡುವವನಿಗೆ ಇದು ಒಂದು ಊರಿನ ನಕ್ಷೆಯಂತೆ ತೋರುವುದು. ಯಾರೋ ಹೋಗಿ ಕಣ್ಣಾರೆ ಕಂಡು ಬಂದು ಬರೆದುದೆಂಬ ಭಾವನೆ ಹುಟ್ಟುವುದು.

ವಸ್ತುಸ್ಥಿತಿ ಹಾಗಿಲ್ಲ. ಜೀವಂತ ಕೋಶವು ಬಹುಮಟ್ಟಿಗೆ ನೀರಿನಂತೆ ತಿಳಿಯಾದುದು. ಬೆಳಕು ಅದರೊಳಗೆ ಹಾಯ್ದುಹೋಗುವುದೇ ಹೊರತು ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ಎತ್ತಿ ತೋರಿಸದು. ಆದುದರಿಂದ ಅದರ ಒಳಗನ್ನು ಕಾಣಬಯಸಿದವರು ಮೊದಲು ಕೋಶವನ್ನು ಕೊಂದು, ಆಮ್ಲಗಳಿಂದಲೋ ಲೋಹಲವಣಗಳಿಂದಲೋ ಅದನ್ನು ಗಟ್ಟಿಮಾಡಿ, ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಡಬೇಕಾಯಿತು. ಇಷ್ಟು ಸಂಸ್ಕಾರಗಳಾದ ಮೇಲೆ ಕಣ್ಣಿಗೆ ಬಿದ್ದ ಗೆರೆಯೊಂದು ಕೋಶದಲ್ಲಿ ಮೊದಲಿನಿಂದ ಇದ್ದುದೆ, ಅಥವಾ ಈ ಸಂಸ್ಕಾರಗಳಿಂದಲೇ ಹುಟ್ಟಿದುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುವುದು.

ಹಳೆಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನಿಗೆ ಈ ಪ್ರಶ್ನೆ ಹೊಸದಲ್ಲ. ಕವಿಯ ಸ್ವಹಸ್ತಪ್ರತಿ ಅವನಿಗೆ ದೊರೆಯುವುದಿಲ್ಲ. ದೊರೆಯುವುದು ಪ್ರತಿಯ ಪ್ರತಿ. ಓಲೆಯಲ್ಲಿರುವ ಪಾಠವು ಕವಿಯದೊ ಲಿಪಿಕಾರನದೊ ಎಂದು ಅವನು ಪದೇಪದೇ ವಿಚಾರಿಸಬೇಕಾಗುವುದು. ಲಿಪಿಕಾರನು ಸೇರಿಸಿದುದು ಪ್ರಕ್ಷೇಪ, ಬಿಟ್ಟುದು ಲೋಪ. ಇವೆರಡೂ ಅಲ್ಲದೆ, ಕವಿಯದೇ ಆಗಿದ್ದರೂ ಸಂಪಾದಕರ ಸಂಶಯಕ್ಕೆ ಗುರಿಯಾಗುವ ಪಾಠಗಳೂ ಉಂಟು. ಕೋಶಶಾಸ್ತ್ರದ ಚರಿತ್ರೆಯಲ್ಲಿ ಈ ಮೂರು ಬಗೆಗಳೂ ಕಂಡುಬರುವುವು. ಕೋಶದ ಮುಖ್ಯ ಅಂಗಗಳು ಯಾವುವು, ಅವು ಮಾಡುವ ಕೆಲಸವೇನು ಎಂಬುದನ್ನು ವಿವರಿಸುವುದರೊಡನೆ, ಆ ಅಂಗಗಳು ನಿಜವಾಗಿ ಇವೆಯೆಂಬುದು ಹೇಗೆ ಸಿದ್ಧವಾಯಿತೆಂಬುದನ್ನೂ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಭಿತ್ತಿ ಮತ್ತು ಪೊರೆ

ಕೋಶವೆಂಬ ಹೆಸರು ಹುಟ್ಟಿದುದೇ ಬರಿದಾದ ಗೂಡನ್ನು ನೋಡಿ. ೧೬೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸೇರಿದ ರಾಬರ್ಟ್ ಹುಕ್ ಎಂಬವರು ‘ಮೈಕ್ರೊಗ್ರಾಫಿಯ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಿರಡೆ ಮಾಡಲು ಬಳಸುವ ತೊಗಟೆಯನ್ನು ಹರಿತವಾದ ಚೂರಿಯಿಂದ ತೆಳ್ಳಗೆ ಸೀಳಿ ನೋಡಿದಾಗ, ಜೇನುಹುಟ್ಟಿನ ಕಣ್ಣುಗಳಂತೆ ಒತ್ತಾಗಿ ಹೊಂದಿಕೊಂಡ ಪುಟ್ಟ ಗೂಡುಗಳು ಅವರಿಗೆ ಕಂಡುವು. ಒಂದು ಘನ ಅಂಗುಲದಲ್ಲಿ ಇಂತಹ ಗೂಡುಗಳು ೧೨೫ ಕೋಟಿಗೂ ಹೆಚ್ಚಾಗಿ ಇರಬೇಕೆಂದು ಅವರು ಲೆಕ್ಕಮಾಡಿದರು. ಅವರು ಕಂಡುದು ಸತ್ತ ಕೋಶಗಳ ಗೋಡೆಯನ್ನು ಮಾತ್ರ. ಒಳಗಣ ಜೀವದ್ರವ್ಯವು ಎಂದೋ ಬತ್ತಿಹೋಗಿದ್ದಿತು. ಹೀಗೆ ಹೆಸರಿನಲ್ಲಿ ಗೋಡೆಯೇ ಪ್ರಧಾನವಾಯಿತು. ಒಳಗಿನದೇ ಮುಖ್ಯ, ಗೋಡೆ ಗೌಣ ಎಂಬ ತಿಳಿವಳಿಕೆ ಬರಲು ಇನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು. ಸಸ್ಯಗಳ ವಿಷಯದಲ್ಲಿ ೧೮೩೮ರಲ್ಲಿ ಶ್ಲೈಡನ್ ಎಂಬವರೂ ಪ್ರಾಣಿಗಳ ವಿಷಯದಲ್ಲಿ ೧೮೩೯ರಲ್ಲಿ ಶ್ವಾನ್ ಎಂಬವರೂ ದೇಹವೆಲ್ಲವೂ ಕೋಶಮಯವೆಂಬುದನ್ನು ಪ್ರತಿಪಾದಿಸಿದರು. ಕೋಶವು ಹುಟ್ಟುವುದು ಮತ್ತೊಂದು ಕೋಶದಿಂದಲೇ, ಬೇರೆ ದ್ರವ್ಯದಿಂದಲ್ಲ ಎಂಬ ತತ್ತ್ವವನ್ನು ೧೮೫೦ರ ದಶಕದಲ್ಲಿ ರೆಮಾಕ್, ಫಿರ್ಕೋ ಎಂಬ ಜರ್ಮನ್ ವೈದ್ಯರು ಸ್ಥಾಪಿಸಿದರು.

ಭಿತ್ತಿಯು ಸಸ್ಯಕೋಶದ ಲಕ್ಷಣ, ಪ್ರಾಣಿಕೋಶಕ್ಕೆ ಅದಿಲ್ಲ. ಸೆಲ್ಯುಲೋಸ್ ಎಂಬ ದ್ರವ್ಯದ ನೂಲುಗಳಿಂದ ನೆಯ್ದ ಈ ಭಿತ್ತಿಯು ಕೋಶಕ್ಕೆ ಆಕಾರವನ್ನು ಕೊಡುವುದು. ಒಳಗಣ ನೀರಿನ ಒತ್ತಡದಿಂದ ಕೋಶವು ಬಿರಿಯದಂತೆ ತಡೆಯುವುದು. ಎಳೆಯ ಚಿಗುರು ಮೂಳೆಯಿಲ್ಲದಿದ್ದರೂ ನೆಟ್ಟಗೆ ನಿಲ್ಲುವುದು ಈ ಒತ್ತಡಕ್ಕೂ ಭಿತ್ತಿಯ ಬಿಗಿಗೂ ಇರುವ ಸಮತೂಕದಿಂದ. ನೀರು ಕಡಮೆಯಾದರೆ ಒತ್ತಡ ತಗ್ಗಿ ಗಿಡ ಬಾಡುವುದು. ನೆರೆಯ ಕೋಶಗಳ ಭಿತ್ತಿಗಳ ನಡುವೆ ಅತಿ ಸೂಕ್ಷ್ಮವಾದ ಕಾಲುವೆಗಳಿದ್ದು, ಅವುಗಳ ಮೂಲಕ ಒಂದರ ದ್ರವ್ಯ ಮತ್ತೊಂದಕ್ಕೆ ಸಂಚರಿಸುವುದು.

ಭಿತ್ತಿಯ ಒಳಗೆ, ಪ್ರಾಣಿಗಳಲ್ಲಾದರೆ ಎಲ್ಲಕ್ಕೂ ಹೊರಗೆ, ಕೋಶಪೊರೆಯಿರುವುದು. ಇದರ ದಪ್ಪ ಸುಮಾರು ೭ ಅಥವಾ ೮ ನ್ಯಾನೊಮೀಟರು. ಎಂದರೆ ಮಿಲಿಮೀಟರಿನ ಲಕ್ಷ ಭಾಗಕ್ಕಿಂತಲೂ ಕಡಮೆ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಾಣುವುದು ಸಾಧ್ಯವಿಲ್ಲ. ಹಾಗಿದ್ದರೂ ಅದರ ರಚನೆಯನ್ನು ೧೯೨೫ರಲ್ಲಿಯೇ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡಲ್ ಎಂಬವರು ಊಹಿಸಿದರು. ರಕ್ತದ ಕೆಂಪುಕಣಗಳಿಂದ ಮೇದಸ್ಸನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ, ಅದರ ವಿಸ್ತಾರವು ಕಣಗಳ ಮೈಯ ವಿಸ್ತಾರಕ್ಕೆ ಎರಡರಷ್ಟಾಯಿತು. ಆದುದರಿಂದ ಪೊರೆಯು ಎರಡು ಪದರಗಳದೆಂದು ಅವರು ನಿರ್ಣಯಿಸಿದರು. ನಿರ್ಣಯವು ಸರಿಯಾದುದೇ, ಆದರೆ ಅವರ ಲೆಕ್ಕದಲ್ಲಿ ಎರಡು ದೋಷಗಳಿದ್ದುವೆಂದು ಮುಂದೆ ತಿಳಿದುಬಂದಿತು. ಮೇದಸ್ಸನ್ನೆಲ್ಲ ಅವರು ತೆಗೆದಿರಲಿಲ್ಲ. ಕಣದ ವಿಸ್ತಾರವನ್ನೂ ಕಡಮೆಯಾಗಿ ಅಳೆದಿದ್ದರು. ಎರಡು ದೋಷಗಳೂ ಒಂದನ್ನೊಂದು ತೊಡೆದುಹಾಕಿದುದರಿಂದ ಫಲ ಸರಿಯಾಗಿ ಬಂದಿತು. ಪೊರೆಯು ದ್ರವದಂತೆ ಸರಿದಾಡುವ ಮೇದಸ್ಸಿನ ಜೋಡಿಪದರವೆಂದೂ, ಅದರಲ್ಲಿ ಪ್ರೋಟೀನುಗಳು ತೇಲುತ್ತಿರುವುವೆಂದೂ ೧೯೭೨ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ವಿವರಿಸಿದರು. ಯಾವುದನ್ನು ಒಳಕ್ಕೆ ಬಿಡಬೇಕು, ಯಾವುದನ್ನು ಹೊರಗಿಡಬೇಕು ಎಂಬುದನ್ನು ನಿರ್ಧರಿಸುವುವು ಈ ಪ್ರೋಟೀನುಗಳೇ.

೩. ಕೋಶಕೇಂದ್ರ

ಕೋಶದ ಒಳಗಣ ಅಂಗಗಳಲ್ಲಿ ಮೊದಲು ಹೆಸರು ಪಡೆದುದು ಕೋಶಕೇಂದ್ರ. ಸೀತೆದಂಡೆಯ ಜಾತಿಗೆ ಸೇರಿದ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಒಂದೊಂದರಲ್ಲಿಯೂ ಗುಂಡಾದ ಕಣವೊಂದು ಇರುವುದನ್ನು ೧೮೩೧ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ವರದಿಮಾಡಿದರು. ಅನಂತರ ಜರ್ಮನಿಯ ಫ್ಲೆಮಿಂಗ್ ಎಂಬವರು, ಕೋಶವು ಒಡೆದು ಎರಡಾಗುವ ಕಾಲದಲ್ಲಿ ಕೇಂದ್ರದ ದ್ರವ್ಯವು ನೂಲುಗಳಾಗಿ ತೋರಿ, ಆ ನೂಲುಗಳು ಉದ್ದಕ್ಕೆ ಸೀಳಿ, ಎರಡು ಪಾಲಾಗುವುದನ್ನು ೧೮೮೨ರಲ್ಲಿ ಗ್ರಂಥರೂಪವಾಗಿ ವಿವರಿಸಿದರು. ಫ್ಲೆಮಿಂಗರು ಬಣ್ಣಹಾಕಿದ ಸತ್ತ ಕೋಶಗಳಲ್ಲಿ ಕಂಡುದನ್ನು ಸ್ಯಾಲಮ್ಯಾಂಡರ್ ಎಂಬ ಜಂತುವಿನ ಮರಿಯ ಜೀವಂತ ಕೋಶಗಳಲ್ಲಿಯೂ ನೋಡಿ ತಾಳೆಮಾಡಿದರು. ಎರಡು ಬೇರೆಬೇರೆ ಮಾರ್ಗಗಳಿಂದಲೂ ಒಂದೇ ದೃಶ್ಯ ದೊರೆತುದರಿಂದ ಈ ನೂಲುಗಳ ನಿಜತ್ವವನ್ನು ಯಾರೂ ಬಹುಕಾಲ ಶಂಕಿಸಲಾಗಲಿಲ್ಲ. ೧೮೮೮ರಲ್ಲಿ ಇವಕ್ಕೆ ಕ್ರೊಮೋಸೋಮ್ ಎಂಬ ಹೆಸರಾಯಿತು. ವರ್ಣತಂತುಗಳೆಂದು ಕನ್ನಡದಲ್ಲಿ ಕರೆಯುವುದುಂಟು. ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ಬಂದ ಹೆಸರೇ ಹೊರತು ಅವಕ್ಕೆ ತಮ್ಮದಾದ ವರ್ಣವಿಲ್ಲ.

ನಿಜವಾದುದನ್ನು ಕಂಡ ಮಾತ್ರಕ್ಕೆ ಎಣಿಕೆ ಸರಿಯಾಗುವುದೆಂಬ ನಿಯಮವಿಲ್ಲ. ಮನುಷ್ಯಕೋಶದಲ್ಲಿ ವರ್ಣತಂತುಗಳು ೪೮ ಎಂದು ೧೯೨೦ರ ದಶಕದಿಂದ ಮೂವತ್ತು ವರ್ಷಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದುವು. ಆ ಸಂಖ್ಯೆಯನ್ನು ನಿರೀಕ್ಷಿಸಿ ಎಣಿಸಿದವರಿಗೆ ಅದೇ ಸಂಖ್ಯೆ ದೊರೆಯುತ್ತಿದ್ದಿತು. ೧೯೫೬ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಟಿಯೊ ಮತ್ತು ಲೆವಾನ್ ಎಂಬವರು ಕೋಶವನ್ನು ಉಬ್ಬಿಸಿ, ನೂಲುಗಳು ಒಂದರ ಮೇಲೊಂದು ಬೀಳದಂತೆ ಹರಡಿ ಎಣಿಸಿದಾಗ, ಇರುವುವು ೪೬ ಮಾತ್ರವೆಂದು ಸಿದ್ಧವಾಯಿತು.

ಕೋಶಕೇಂದ್ರದ ಕೆಲಸವು ಈಗ ಚೆನ್ನಾಗಿ ತಿಳಿದಿದೆ. ವಂಶಪಾರಂಪರ್ಯವಾಗಿ ಬಂದ ಡಿ.ಎನ್.ಎ. ಎಂಬ ದ್ರವ್ಯವು ಅಲ್ಲಿ ಸುರಕ್ಷಿತವಾಗಿರುವುದು. ಮನುಷ್ಯನ ಒಂದು ಕೋಶದಲ್ಲಿರುವ ಈ ನೂಲನ್ನು ನೀಳವಾಗಿ ಚಾಚಿದರೆ ಸುಮಾರು ೨ ಮೀಟರು ಉದ್ದವಾಗುವುದು. ಅದು ಮಿಲಿಮೀಟರಿನ ನೂರರ ಒಂದಂಶಕ್ಕಿಂತ ಕಿರಿದಾದ ಕೇಂದ್ರದಲ್ಲಿ ಸುತ್ತಿಕೊಂಡಿರುವುದು. ಮೂಲವು ಕೇಂದ್ರವನ್ನು ಬಿಟ್ಟು ಹೊರಗೆ ಬಾರದು. ಬೇಕಾದ ಭಾಗಕ್ಕೆ ಆರ್.ಎನ್.ಎ. ಎಂಬ ನಕಲು ಸಿದ್ಧವಾಗಿ, ಕೇಂದ್ರದ ಪೊರೆಯಲ್ಲಿರುವ ರಂಧ್ರಗಳ ಮೂಲಕ ಆ ನಕಲು ಹೊರಬಂದು ಪ್ರೋಟೀನಿನ ರಚನೆಗೆ ವಿಧಿಯಾಗುವುದು. ಸಸ್ತನಿಗಳ ರಕ್ತದ ಕೆಂಪುಕಣವು ಬಲಿಯುವಾಗ ತನ್ನ ಕೇಂದ್ರವನ್ನು ಹೊರದೂಡುವುದು. ಬಳಿಕ ಅದು ಕೆಲವು ತಿಂಗಳು ಕೆಲಸಮಾಡಬಲ್ಲುದೇ ಹೊರತು ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು, ವೃದ್ಧಿಹೊಂದಲಾರದು.

೪. ಶಂಕೆಗೆ ಗುರಿಯಾದ ಅಂಗ

೧೮೯೮ರಲ್ಲಿ ಇಟಲಿಯ ಪವಿಯ ನಗರದಲ್ಲಿ ಕ್ಯಾಮಿಲ್ಲೊ ಗಾಲ್ಜಿ ಎಂಬವರು ಗೂಬೆಯ ಮಿದುಳಿನ ನರಕೋಶಗಳನ್ನು ಬೆಳ್ಳಿಯ ಲವಣದಿಂದ ಸಂಸ್ಕರಿಸಿ ನೋಡುತ್ತಿದ್ದರು. ಕೇಂದ್ರದ ಸುತ್ತ ಕಪ್ಪಾದ ಬಲೆಯಂತಹ ರಚನೆಯೊಂದು ಅವರಿಗೆ ಕಂಡಿತು. ಅದನ್ನು ಅವರು ಒಳಜಾಲವೆಂದು ಕರೆದರು. ಆದರೆ ಈ ಬೆಳ್ಳಿಯ ಕ್ರಮವು ಚಪಲವಾದುದು. ಒಮ್ಮೆ ಬಲೆ ತೋರಿದರೆ ಮತ್ತೊಮ್ಮೆ ತೋರದು. ಬೇರೆ ಲವಣವನ್ನು ಬಳಸಿದರೆ ಬಲೆಯ ಬದಲು ಕುಡುಗೋಲಿನಂತಹ ತುಣುಕುಗಳು ಕಾಣುವುವು. ಮಾರನೆಯ ವರ್ಷವೇ ಜರ್ಮನಿಯಲ್ಲಿ ಫಿಷರ್ ಎಂಬವರೂ ಇಂಗ್ಲೆಂಡಿನಲ್ಲಿ ಹಾರ್ಡಿ ಎಂಬವರೂ ಒಂದು ಸರಳವಾದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಜೀವವೇ ಇಲ್ಲದ ಬರಿಯ ಪ್ರೋಟೀನಿನ ದ್ರಾವಣಕ್ಕೆ ಕೋಶಗಳನ್ನು ಗಟ್ಟಿಮಾಡುವ ಔಷಧಗಳನ್ನು ಹಾಕಿದಾಗ, ಅದರಲ್ಲಿಯೂ ಬಲೆಗಳು, ಕಣಗಳು, ನೂಲುಗಳು ಹುಟ್ಟಿದುವು. ಕೋಶದಲ್ಲಿ ಕಂಡುದರಲ್ಲಿ ಎಷ್ಟು ಪಾಲು ಔಷಧದ ಕೃತಿಯೆಂಬ ಶಂಕೆ ಅಂದಿನಿಂದ ಬಲವಾಯಿತು.

ಗಾಲ್ಜಿಯವರ ಜಾಲದ ಮೇಲಣ ವಾದವು ಅರ್ಧ ಶತಮಾನ ನಡೆಯಿತು. ನೂರಾರು ಲೇಖನಗಳು ಪ್ರಕಟವಾದರೂ ಅವುಗಳ ಸಂಖ್ಯೆಯಿಂದ ವಿಷಯ ನಿರ್ಣಯವಾಗಲಿಲ್ಲ. ಏಕೆಂದರೆ ಅವುಗಳಲ್ಲಿ ಬಹುಪಾಲು ಒಂದೇ ಜಾತಿಯ ಸಂಸ್ಕಾರವನ್ನು ಅವಲಂಬಿಸಿದ್ದುವು. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಅದು ಹತ್ತು ಸಾಕ್ಷಿಯಾಗದು, ಒಂದೇ ಸಾಕ್ಷಿಯಾಗುವುದು. ೧೯೪೯ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾರ್ಜ್ ಪಲಾಡೆ ಮತ್ತು ಆಲ್ಬೆರ್ ಕ್ಲೋಡ್ ಎಂಬ ಇಬ್ಬರು ಸಮರ್ಥ ಸಂಶೋಧಕರೇ, ಗಾಲ್ಜಿಯ ಅಂಗವೆಂಬುದು ಸಂಸ್ಕಾರದ ಕಾಲದಲ್ಲಿ ಮೇದಸ್ಸು ಸುರುಳಿಸುತ್ತಿ ಉಂಟಾಗುವ ಕೃತಕರೂಪವೆಂದು ಬರೆದರು.

ಬೇರೊಂದು ಸಾಕ್ಷಿ ಬಂದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. ಬೆಳಕಿನ ಸೂಕ್ಷ್ಮದರ್ಶಕವು ಮಿಲಿಮೀಟರಿನ ಐದು ಸಾವಿರದ ಒಂದಂಶಕ್ಕಿಂತ ಸಮೀಪದಲ್ಲಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಇದು ಬೆಳಕಿನ ಸ್ವಭಾವದಿಂದ ಬಂದ ಮಿತಿ. ೧೯೩೧ರಲ್ಲಿ ಬರ್ಲಿನ್ನಿನಲ್ಲಿ ಕ್ನಾಲ್ ಮತ್ತು ರುಸ್ಕ ಎಂಬವರು ನಿರ್ಮಿಸಿದ ಹೊಸ ಯಂತ್ರವು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನು ಬಳಸಿ ಮುಂದೆ ಆ ಮಿತಿಯನ್ನು ದಾಟಲು ದಾರಿಮಾಡಿತು. ಕೋಶಗಳನ್ನು ಅದಕ್ಕೆ ತಕ್ಕಷ್ಟು ತೆಳುವಾಗಿ ಸೀಳುವ ವಿದ್ಯೆ ಕೈಗೂಡಿದ ಬಳಿಕ, ೧೯೫೪ರ ವೇಳೆಗೆ ಡಾಲ್ಟನ್ ಮತ್ತು ಫೆಲಿಕ್ಸ್ ಎಂಬವರು ಗಾಲ್ಜಿ ಅಂಗವನ್ನು ಸ್ಪಷ್ಟವಾಗಿ ತೋರಿಸಿದರು. ಅದು ಬಲೆಯಾಗಿರಲಿಲ್ಲ, ಚಪ್ಪಟೆಯಾದ ಚೀಲಗಳ ಅಡುಕು, ಅದರ ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಬೆಳ್ಳಿಯ ಬಣ್ಣವು ರೂಪವನ್ನು ಕೆಡಿಸಿದ್ದಿತೇ ಹೊರತು ಇಲ್ಲದುದನ್ನು ಹುಟ್ಟಿಸಿರಲಿಲ್ಲ. ಸಸ್ಯಕೋಶಗಳಲ್ಲಿಯೂ ಇದೇ ಅಡುಕು ಹರಿದು ಹಂಚಿ ಅಲ್ಲಲ್ಲಿ ಇರುವುದೆಂದು ಕಂಡುಬಂದಿತು.

೫. ಪ್ರೋಟೀನು ಸಾಗುವ ದಾರಿ

ಅಂಗವು ಇದೆಯೆಂದು ತಿಳಿದ ಮೇಲೆ ಅದರ ಕೆಲಸವೇನೆಂಬ ಪ್ರಶ್ನೆ ಉಳಿಯಿತು. ಅದನ್ನು ಬಿಡಿಸಿದವರಲ್ಲಿ ಹಿಂದೆ ಅದರ ಇರವನ್ನೇ ಅಲ್ಲಗಳೆದ ಪಲಾಡೆಯವರು ಮುಖ್ಯರಾದುದು ಗಮನಾರ್ಹವಾಗಿದೆ.

೧೯೪೫ರಲ್ಲಿ ಪೋರ್ಟರ್, ಕ್ಲೋಡ್, ಫುಲ್ಲಂ ಎಂಬ ಮೂವರು ಇಡೀ ಕೋಶವೊಂದರ ಎಲೆಕ್ಟ್ರಾನ್ ಚಿತ್ರವನ್ನು ಪ್ರಕಟಿಸಿದಾಗ, ಕೋಶರಸದಲ್ಲಿ ಕಸೂತಿಯಂತಹ ಜಾಲವೊಂದು ತೋರಿತು. ಅದು ಕೊಳವೆಗಳೂ ಚಪ್ಪಟೆ ಚೀಲಗಳೂ ಕೂಡಿದ ಒಳಪೊರೆಜಾಲವೆಂದು ಮುಂದೆ ತಿಳಿಯಿತು. ಈ ಜಾಲದ ಮೈಮೇಲೆ ಹಲವೆಡೆ ಮರಳಿನಂತೆ ಅಂಟಿಕೊಂಡ ಕಣಗಳನ್ನು ೧೯೫೫ರಲ್ಲಿ ಪಲಾಡೆ ವರ್ಣಿಸಿದರು. ಇವೇ ರೈಬೊಸೋಮುಗಳು. ಒಂದೊಂದರ ಅಡ್ಡಳತೆ ಸುಮಾರು ೨೫ ನ್ಯಾನೊಮೀಟರು. ಕೇಂದ್ರದಿಂದ ಬಂದ ಆರ್.ಎನ್.ಎ. ನಕಲನ್ನು ಓದಿ, ಅದರಂತೆ ಅಮೈನೊ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಪ್ರೋಟೀನನ್ನು ರಚಿಸುವುವು ಇವೇ. ಇವುಗಳ ಪರಮಾಣುರಚನೆಯನ್ನು ನಿರ್ಣಯಿಸಿದುದಕ್ಕಾಗಿ ತಮಿಳುನಾಡಿನ ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೂ ಸ್ಟೈಟ್ಸ್, ಯೋನಾತ್ ಎಂಬವರಿಗೂ ೨೦೦೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಜೀರ್ಣರಸವನ್ನು ಸ್ರವಿಸುವ ಗಿನಿಯಿಲಿಯ ಮೇದೋಜೀರಕಗ್ರಂಥಿಯ ತುಂಡುಗಳಿಗೆ ವಿಕಿರಣಶೀಲವಾದ ಅಮೈನೊ ಆಮ್ಲವನ್ನು ಮೂರು ನಿಮಿಷಗಳ ಕಾಲ ಮಾತ್ರ ಉಣಿಸಿ, ಅದು ಆಮೇಲೆ ಎಲ್ಲಿಗೆ ಹೋಗುವುದೆಂಬುದನ್ನು ಜೇಮಿಸನ್ ಮತ್ತು ಪಲಾಡೆ ೧೯೬೭ರಲ್ಲಿ ಪ್ರಕಟಿಸಿದರು. ಮೊದಲು ಗುರುತು ಕಂಡುದು ರೈಬೊಸೋಮುಗಳುಳ್ಳ ಪೊರೆಜಾಲದಲ್ಲಿ. ಸುಮಾರು ಇಪ್ಪತ್ತು ನಿಮಿಷಗಳ ಹೊತ್ತಿಗೆ ಗಾಲ್ಜಿಯ ಪ್ರದೇಶದಲ್ಲಿ. ಸುಮಾರು ಎರಡು ಗಂಟೆಗಳಾದ ಮೇಲೆ ಹೊರಕ್ಕೆ ಸುರಿಯಲು ಸಿದ್ಧವಾದ ಸ್ರಾವಕಣಗಳಲ್ಲಿ. ಹೀಗೆ ಪ್ರೋಟೀನು ಹುಟ್ಟುವ ಎಡೆಯೂ ಹೊರಹೋಗುವ ಎಡೆಯೂ, ನಡುವಣ ನಿಲ್ದಾಣವೂ ಕ್ರಮವಾಗಿ ಸಿದ್ಧವಾದುವು. ಆ ನಿಲ್ದಾಣದಲ್ಲಿ ಪ್ರೋಟೀನುಗಳಿಗೆ ಸಕ್ಕರೆಯ ಅಂಶಗಳು ಸೇರುವುವು, ಕೆಲವು ಕತ್ತರಿಸಲ್ಪಡುವುವು, ಪ್ರತಿಯೊಂದೂ ತನ್ನ ಗಮ್ಯಸ್ಥಾನಕ್ಕೆ ತಕ್ಕಂತೆ ಬೇರ್ಪಡಿಸಲ್ಪಡುವುದು. ಸಸ್ಯಗಳಲ್ಲಿ ಭಿತ್ತಿಗೆ ಬೇಕಾದ ಪೆಕ್ಟಿನ್ ಮೊದಲಾದ ದ್ರವ್ಯಗಳು ತಯಾರಾಗುವುದೂ ಇಲ್ಲಿಯೇ.

ಈ ಬೇರ್ಪಡಿಕೆ ಎಷ್ಟು ಅಗತ್ಯವೆಂಬುದಕ್ಕೆ ಮಕ್ಕಳಲ್ಲಿ ಬಲು ಅಪರೂಪವಾಗಿ ಕಾಣುವ ಒಂದು ರೋಗವೇ ನಿದರ್ಶನ. ಕೆಲವು ಕಿಣ್ವಗಳಿಗೆ ಗಾಲ್ಜಿಯಲ್ಲಿ ಒಂದು ಸಕ್ಕರೆಯ ಗುರುತು ಅಂಟಬೇಕು. ಅದು ಅವುಗಳ ವಿಳಾಸವಿದ್ದಂತೆ. ಗುರುತನ್ನು ಅಂಟಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಕಿಣ್ವಗಳು ಸರಿಯಾಗಿಯೇ ತಯಾರಾದರೂ ವಿಳಾಸವಿಲ್ಲದೆ ಕೋಶದ ಹೊರಕ್ಕೆ ಹೊರಟುಹೋಗುವುವು. ಕೋಶದೊಳಗೆ ಜೀರ್ಣವಾಗದ ದ್ರವ್ಯ ರಾಶಿಬೀಳುವುದು. ಬೆಳವಣಿಗೆ ಕುಂದಿ ಮಗುವು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ತೀರಿಕೊಳ್ಳುವುದು. ಅರ್ಧ ಶತಮಾನ ಕಾಲ ಬಣ್ಣದ ಭ್ರಾಂತಿಯೆಂದು ಹಲವರು ತಳ್ಳಿಹಾಕಿದ ಅಂಗದ ಕಾರ್ಯವೊಂದು ತಪ್ಪಿದರೆ ಆಗುವ ಫಲವಿದು.

೬. ಕಾಣದೆಯೇ ದೊರೆತ ಅಂಗ

ಮೇಲೆ ಹೇಳಿದ ಕಿಣ್ವಗಳು ಸೇರಬೇಕಾದ ಸ್ಥಳವು ಲೈಸೊಸೋಮ್. ಇದನ್ನು ಕಣ್ಣಿನಿಂದ ಮೊದಲು ಕಂಡವರಿಲ್ಲ. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಶ್ಚಿಯನ್ ದ ದೂವ್ ಎಂಬವರು ೧೯೪೯ರಲ್ಲಿ ಇಲಿಯ ಯಕೃತ್ತನ್ನು ಅರೆದು, ವೇಗವಾಗಿ ತಿರುಗುವ ಯಂತ್ರದಲ್ಲಿ ಸುತ್ತಿಸಿ, ಅದರ ಅಂಶಗಳನ್ನು ತೂಕದ ಕ್ರಮದಿಂದ ಬೇರ್ಪಡಿಸುತ್ತಿದ್ದರು. ಒಂದು ಕಿಣ್ವದ ಶಕ್ತಿಯು ಆಗತಾನೆ ಸಿದ್ಧವಾದ ದ್ರಾವಣದಲ್ಲಿ ಅತ್ಯಲ್ಪವಾಗಿದ್ದು, ಕೆಲವು ದಿನ ತಂಪಿನಲ್ಲಿಟ್ಟ ಮೇಲೆ ಹೆಚ್ಚಾಗಿ ತೋರಿತು. ಕಿಣ್ವವು ಪೊರೆಯ ಚೀಲವೊಂದರಲ್ಲಿ ಮುಚ್ಚಿದ್ದು, ಚೀಲ ಹರಿದ ಬಳಿಕವೇ ಹೊರಬೀಳುವುದೆಂದಲ್ಲದೆ ಇದಕ್ಕೆ ಬೇರೆ ಅರ್ಥ ಹೊಂದಲಿಲ್ಲ. ೧೯೫೫ರಲ್ಲಿ ಅವರು ಆ ಚೀಲಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. ಎಲೆಕ್ಟ್ರಾನ್ ಚಿತ್ರಗಳಲ್ಲಿ ಅದು ಗುರುತಿಸಲ್ಪಟ್ಟುದು ಆಮೇಲೆ. ಬಳಸಿ ಸವೆದ ಭಾಗಗಳನ್ನೂ ಹೊರಗಿನಿಂದ ನುಂಗಿದ ಕಣಗಳನ್ನೂ ಕರಗಿಸುವುದು ಇದರ ಕೆಲಸ. ಕರಗಿಸುವ ರಸವು ಕೋಶವನ್ನೇ ಕರಗಿಸದಂತೆ ಪೊರೆಯು ಕಾಪಾಡುವುದು. ಕ್ಲೋಡ್, ದ ದೂವ್, ಪಲಾಡೆ ಈ ಮೂವರಿಗೂ ೧೯೭೪ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಸಸ್ಯಕೋಶಗಳಲ್ಲಿ ಇದೇ ಬಗೆಯ ಕೆಲಸವನ್ನು ಬಹುಮಟ್ಟಿಗೆ ನಡೆಸುವುದು ರಸದಾನಿ. ಬಲಿತ ಸಸ್ಯಕೋಶದ ಗಾತ್ರದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ಒಂದೇ ಚೀಲವು ಆಕ್ರಮಿಸಿಕೊಂಡಿರುವುದುಂಟು. ಭಿತ್ತಿಯನ್ನು ಒಳಗಿನಿಂದ ಒತ್ತಿ ಗಿಡವನ್ನು ಸೆಟೆದು ನಿಲ್ಲಿಸುವ ನೀರು ಇರುವುದು ಇದರಲ್ಲಿಯೇ. ಅನೇಕ ಹೂವುಗಳ ನೀಲಿ, ನೇರಿಳೆ ಬಣ್ಣಗಳೂ, ಕೆಲವು ಎಲೆಗಳ ಕಹಿಯೂ ವಿಷವೂ ಇದರ ರಸದಲ್ಲಿ ಸಂಗ್ರಹವಾಗಿರುವುವು.

೭. ಶಕ್ತಿಯ ಅಂಗಗಳು

ಮೈಟೊಕಾಂಡ್ರಿಯ ಎಂಬ ಹೆಸರು ೧೮೯೮ರಲ್ಲಿ ಬೆಂಡ ಎಂಬವರು ಇಟ್ಟುದು. ನೂಲು ಮತ್ತು ಕಾಳು ಎಂಬರ್ಥದ ಎರಡು ಗ್ರೀಕ್ ಪದಗಳು ಅದರಲ್ಲಿ ಕೂಡಿವೆ. ೧೯೪೮-೪೯ರಲ್ಲಿ ಕೆನೆಡಿ ಮತ್ತು ಲೆನಿಂಜರ್ ಎಂಬವರು, ಆಹಾರವು ಆಮ್ಲಜನಕದೊಡನೆ ಕೂಡಿ ಶಕ್ತಿಯಾಗುವ ಕ್ರಿಯೆಯ ಮುಖ್ಯಭಾಗವು ಇದರಲ್ಲಿಯೇ ನಡೆಯುವುದೆಂದು ತೋರಿಸಿದರು. ಇದಕ್ಕೆ ಎರಡು ಪೊರೆಗಳು, ಒಳಗಿನದು ಮಡಿಕೆಮಡಿಕೆಯಾದುದು. ಆ ಒಳಪೊರೆಯ ಒಂದು ಮಗ್ಗುಲಿನಿಂದ ಮತ್ತೊಂದಕ್ಕೆ ಪ್ರೋಟಾನುಗಳು ತಳ್ಳಲ್ಪಟ್ಟು, ಕಟ್ಟೆಯ ಹಿಂದಿನ ನೀರಿನಂತೆ ನಿಂತು, ಹಿಂತಿರುಗಿ ಹರಿಯುವಾಗ ಎ.ಟಿ.ಪಿ. ಎಂಬ ಶಕ್ತಿವಾಹಕವು ತಯಾರಾಗುವುದೆಂದು ೧೯೬೧ರಲ್ಲಿ ಪೀಟರ್ ಮಿಚೆಲ್ ಸೂಚಿಸಿದರು. ಮೊದಲು ಹಲವರು ಒಪ್ಪದಿದ್ದ ಈ ಮತಕ್ಕೆ ೧೯೭೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತು ಇರುವುದು ಕ್ಲೋರೊಪ್ಲಾಸ್ಟ್ ಎಂಬ ಹರಿತ್ಕಣಗಳಲ್ಲಿ. ಬಿಸಿಲಿನ ಶಕ್ತಿಯಿಂದ ನೀರನ್ನು ಒಡೆದು ಆಮ್ಲಜನಕವನ್ನು ಬಿಡುವುದೂ, ಗಾಳಿಯ ಇಂಗಾಲಾಮ್ಲದಿಂದ ಸಕ್ಕರೆಯನ್ನು ಕಟ್ಟುವುದೂ ಇಲ್ಲಿಯೇ. ಕೋಶದಿಂದ ಹೊರತೆಗೆದ ಹರಿತ್ಕಣಗಳು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುವುದನ್ನು ೧೯೩೭ರಲ್ಲಿ ಹಿಲ್ ಎಂಬವರು ತೋರಿಸಿದರು. ಇಡೀ ಕ್ರಿಯೆಯೇ ಅವುಗಳಲ್ಲಿ ನಡೆಯಬಲ್ಲುದೆಂದು ೧೯೫೪ರಲ್ಲಿ ಆರ್ನನ್ ಎಂಬವರು ಸಿದ್ಧಪಡಿಸಿದರು. ಸಸ್ಯಕ್ಕೆ ಹರಿತ್ಕಣ, ಪ್ರಾಣಿಗೆ ಮೈಟೊಕಾಂಡ್ರಿಯ ಎಂದು ಹಂಚಿ ಹೇಳುವ ರೂಢಿ ಕೆಲವೆಡೆ ಇರುವುದು, ಅದು ಸರಿಯಲ್ಲ. ಸಸ್ಯಕೋಶಗಳಲ್ಲಿ ಮೈಟೊಕಾಂಡ್ರಿಯಗಳೂ ಇವೆ. ಹಗಲಿನಲ್ಲಿ ಕಟ್ಟಿದ ಸಕ್ಕರೆಯನ್ನು ಗಿಡವು ಹಗಲಿರುಳೂ ಬಳಸಿಕೊಳ್ಳುವುದು ಅವುಗಳಿಂದಲೇ. ಬೆಳಕು ಕಾಣದ ಬೇರಿಗಂತೂ ಬೇರೆ ಗತಿಯಿಲ್ಲ.

ಈ ಎರಡು ಅಂಗಗಳೂ ಹಿಂದೊಮ್ಮೆ ಸ್ವತಂತ್ರವಾಗಿ ಬಾಳುತ್ತಿದ್ದ ಏಕಾಣುಜೀವಿಗಳಾಗಿದ್ದು, ಮತ್ತೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆನಿಂತವೆಂಬುದು ಈಗ ಒಪ್ಪಿತವಾಗಿದೆ. ಹರಿತ್ಕಣಗಳ ವಿಷಯದಲ್ಲಿ ೧೯೦೫ರಲ್ಲಿಯೇ ರಷ್ಯದ ಮೆರೆಷ್ಕೋವ್‌ಸ್ಕಿ ಇದನ್ನು ವಾದಿಸಿದ್ದರು. ೧೯೬೭ರಲ್ಲಿ ಲಿನ್ ಮಾರ್ಗುಲಿಸ್ ಎಂಬ ವಿದುಷಿ ಎರಡಕ್ಕೂ ಅನ್ವಯಿಸಿ ಸಮರ್ಥಿಸಿದರು. ಎರಡರಲ್ಲಿಯೂ ಕೋಶಕೇಂದ್ರಕ್ಕೆ ಸೇರದ ಸ್ವಂತ ಡಿ.ಎನ್.ಎ. ಇರುವುದು. ಮನುಷ್ಯನ ಮೈಟೊಕಾಂಡ್ರಿಯದ್ದು ೧೬,೫೬೯ ಜೋಡಿ ಅಕ್ಷರಗಳದು, ೩೭ ಜೀನುಗಳುಳ್ಳುದು, ತಾಯಿಯಿಂದ ಮಾತ್ರ ಬರುವುದು. ಈ ಬರಹವನ್ನು ಇತರ ಜೀವಿಗಳ ಬರಹದೊಡನೆ ಹೋಲಿಸಿದಾಗ, ಮೈಟೊಕಾಂಡ್ರಿಯವು ಒಂದು ಬಗೆಯ ಬ್ಯಾಕ್ಟೀರಿಯಗಳಿಗೂ ಹರಿತ್ಕಣವು ನೀಲಿಹಸುರು ಬ್ಯಾಕ್ಟೀರಿಯಗಳಿಗೂ ಬಳಿಸಂದುವೆಂದು ಗೊತ್ತಾಯಿತು. ಪ್ರತಿಗಳು ಹಂಚಿಕೊಂಡ ಪಾಠಭೇದಗಳಿಂದ ಅವುಗಳ ವಂಶವೃಕ್ಷವನ್ನು ಕಟ್ಟುವ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

೮. ಒಂದು ಲೋಪ, ಒಂದು ಪ್ರಕ್ಷೇಪ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಗಾಲ್ಜಿಯ ವಾದವನ್ನು ತೀರ್ಮಾನಿಸಿತೆಂದ ಮಾತ್ರಕ್ಕೆ ಅದು ನಿರ್ದೋಷವಾದ ಸಾಕ್ಷಿಯೆಂದು ತಿಳಿಯಬಾರದು. ೧೯೫೦ರ ದಶಕದ ಚಿತ್ರಗಳಲ್ಲಿ ಕೋಶರಸವು ಬಹುಮಟ್ಟಿಗೆ ಬರಿದಾಗಿ ಕಾಣುತ್ತಿದ್ದಿತು. ಆಗ ವಾಡಿಕೆಯಲ್ಲಿದ್ದ ಆಸ್ಮಿಯಮ್ ಔಷಧವನ್ನು ಬಿಟ್ಟು ಗ್ಲುಟರಾಲ್ಡಿಹೈಡ್ ಎಂಬುದನ್ನು ಮೊದಲು ಬಳಸುವ ಕ್ರಮವು ೧೯೬೩ರಲ್ಲಿ ಬಂದಿತು. ಅದೇ ವರ್ಷ ಲೆಡ್‌ಬೆಟರ್ ಮತ್ತು ಪೋರ್ಟರ್ ಸಸ್ಯಕೋಶಗಳ ಪೊರೆಯ ಒಳಮಗ್ಗುಲಲ್ಲಿ ೨೫ ನ್ಯಾನೊಮೀಟರಿನಷ್ಟು ಅಗಲದ ನೀಳವಾದ ನಾಳಗಳನ್ನು ಕಂಡು ಸೂಕ್ಷ್ಮನಾಳಗಳೆಂದು ಹೆಸರಿಸಿದರು. ಹಿಂದಿನ ಔಷಧವು ಅವುಗಳಲ್ಲಿ ಬಹುಪಾಲನ್ನು ಉಳಿಸದೆ ಅಳಿಸಿಹಾಕುತ್ತಿದ್ದಿತು. ಕೋಶಕ್ಕೆ ಅಸ್ಥಿಪಂಜರದಂತಿರುವ ಈ ನಾಳಗಳ ಮೇಲೆಯೇ ಗುಳ್ಳೆಗಳೂ ಮೈಟೊಕಾಂಡ್ರಿಯಗಳೂ ಸಾಗಿಹೋಗುವುವು. ಬೆನ್ನುಹುರಿಯಿಂದ ಕಾಲಿನ ಬೆರಳಿನವರೆಗೆ ಸುಮಾರು ಒಂದು ಮೀಟರು ಚಾಚಿರುವ ನರದೆಳೆಗೆ ಆಹಾರಸಾಮಗ್ರಿ ತಲಪುವುದು ಈ ಹಾದಿಯಿಂದ. ಕೋಶವು ವಿಭಜಿಸುವಾಗ ವರ್ಣತಂತುಗಳನ್ನು ಎರಡು ಕಡೆಗೂ ಎಳೆಯುವುವೂ ಇವೇ. ಪ್ರಾಣಿಕೋಶಗಳಲ್ಲಿ ಇವು ಹೊರಡುವ ಎಡೆಯಲ್ಲಿ ಸೆಂಟ್ರಿಯೋಲ್ ಎಂಬ ಜೋಡಿ ಅಂಗವಿರುವುದು. ಹೂಬಿಡುವ ಗಿಡಗಳಲ್ಲಿ ಅದಿಲ್ಲದೆಯೇ ಕಾರ್ಯ ನಡೆಯುವುದು.

ಇದಕ್ಕೆ ವಿರುದ್ಧವಾದ ಉದಾಹರಣೆ ಬ್ಯಾಕ್ಟೀರಿಯಗಳಿಂದ ದೊರೆಯುವುದು. ಅವುಗಳ ಪೊರೆಯು ಒಳಕ್ಕೆ ಮಡಿಸಿ ಸುರುಳಿಯಾದ ರಚನೆಯೊಂದು ೧೯೫೦ ಮತ್ತು ೧೯೬೦ರ ದಶಕಗಳ ಚಿತ್ರಗಳಲ್ಲಿ ಮತ್ತೆ ಮತ್ತೆ ತೋರಿತು. ಮೀಸೊಸೋಮ್ ಎಂದು ಅದಕ್ಕೆ ಹೆಸರಾಯಿತು. ಉಸಿರಾಟ, ವಿಭಜನೆ, ಡಿ.ಎನ್.ಎ.ಯ ಹಂಚಿಕೆ ಮೊದಲಾದ ಕೆಲಸಗಳನ್ನು ಅದಕ್ಕೆ ಆರೋಪಿಸಿ ಹಲವರು ಬರೆದರು. ೧೯೭೦ರ ದಶಕದಲ್ಲಿ ಔಷಧಗಳನ್ನು ಬಳಸದೆ ಕೋಶಗಳನ್ನು ಕ್ಷಣಮಾತ್ರದಲ್ಲಿ ಘನೀಭವಿಸಿ ನೋಡಿದಾಗ ಅದು ಕಾಣಲಿಲ್ಲ. ಅದು ಔಷಧದಿಂದ ಹುಟ್ಟಿದುದೆಂದು ನಿರ್ಣಯವಾಯಿತು. ಚಿತ್ರದಲ್ಲಿ ಸ್ಪಷ್ಟವಾಗಿದ್ದುದು, ಹೆಸರು ಪಡೆದುದು, ಕೆಲಸವನ್ನೂ ಪಡೆದುದು, ಕಡೆಗೆ ಇಲ್ಲದುದೆಂದು ಪುಸ್ತಕಗಳಿಂದ ತೆಗೆದುಹಾಕಲ್ಪಟ್ಟಿತು.

೯

ಮೇಲಣ ಸಂಗತಿಗಳಿಂದ ಒಂದು ನಿಯಮವು ಹೊರಡುವುದು. ಒಂದು ಅಂಗದ ಇರವು ಅದು ಎಷ್ಟು ಸಲ ಕಂಡಿತೆಂಬುದರಿಂದ ಸಿದ್ಧವಾಗಲಿಲ್ಲ. ಒಂದರ ದೋಷವು ಮತ್ತೊಂದಕ್ಕೆ ಅಂಟದಂತಹ ಬೇರೆಬೇರೆ ಮಾರ್ಗಗಳು ಒಂದೇ ಕಡೆಗೆ ಬೆರಳುಮಾಡಿದುದರಿಂದ ಸಿದ್ಧವಾಯಿತು. ವರ್ಣತಂತುವಿಗೆ ಜೀವಂತ ಕೋಶದ ದೃಶ್ಯ, ಗಾಲ್ಜಿಗೆ ಎಲೆಕ್ಟ್ರಾನ್ ಚಿತ್ರವೂ ವಿಕಿರಣದ ಗುರುತೂ, ಲೈಸೊಸೋಮಿಗೆ ಕಿಣ್ವದ ಅಳತೆ, ಹರಿತ್ಕಣದ ಮೂಲಕ್ಕೆ ಡಿ.ಎನ್.ಎ.ಯ ಹೋಲಿಕೆ, ಹೀಗೆ ಒಂದೊಂದಕ್ಕೂ ಬೇರೆ ಮನೆಯ ಸಾಕ್ಷಿ ಬೇಕಾಯಿತು. ಮೀಸೊಸೋಮಿಗೆ ಅಂತಹ ಸಾಕ್ಷಿ ಬಂದಾಗ ಅದು ನಿಲ್ಲಲಿಲ್ಲ.

ಈಚಿನ ವರ್ಷಗಳಲ್ಲಿ ಸಾಧನಗಳು ಹೆಚ್ಚಿವೆ. ನೀರು ಹರಳುಗಟ್ಟಲೂ ಅವಕಾಶವಿಲ್ಲದಷ್ಟು ಬೇಗ ಕೋಶವನ್ನು ಘನೀಭವಿಸಿ, ಬಣ್ಣವಿಲ್ಲದೆ ನೋಡುವ ಕ್ರಮಕ್ಕಾಗಿ ಡುಬೊಷೆ, ಫ್ರಾಂಕ್, ಹೆಂಡರ್ಸನ್ ಎಂಬವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅಂಬಲಿಮೀನಿನಿಂದ ದೊರೆತ ಹಸುರಾಗಿ ಹೊಳೆಯುವ ಪ್ರೋಟೀನನ್ನು ಕೋಶದ ಪ್ರೋಟೀನುಗಳಿಗೆ ಜೋಡಿಸಿ, ಜೀವಂತ ಕೋಶದಲ್ಲಿಯೇ ಅವುಗಳ ಸಂಚಾರವನ್ನು ನೋಡುವ ವಿಧಾನಕ್ಕೆ ೨೦೦೮ರಲ್ಲಿ ಅದೇ ಗೌರವವು ಸಂದಿದ್ದಿತು. ಆದರೆ ಹೊಳೆಯುವ ಆ ಗುರುತು ತಾನೇ ಪ್ರೋಟೀನಿನ ನಡತೆಯನ್ನು ಬದಲಿಸಬಹುದಾದುದರಿಂದ, ಈ ವಿಧಾನದ ಫಲವನ್ನೂ ಮತ್ತೊಂದರಿಂದ ತಾಳೆನೋಡುವುದು ಸಂಶೋಧಕರ ಪದ್ಧತಿಯಾಗಿದೆ.

ಪಠ್ಯಪುಸ್ತಕದ ಚಿತ್ರವನ್ನು ಬೋಧಿಸುವಾಗ ಇಷ್ಟನ್ನೂ ಹೇಳುವುದಕ್ಕೆ ಕಾಲಾವಕಾಶವಿರಲಾರದು. ಆದರೂ ಅದರಲ್ಲಿರುವ ಒಂದೊಂದು ಅಂಗವೂ ವಾದಪ್ರತಿವಾದಗಳನ್ನು ದಾಟಿ ಉಳಿದ ನಿರ್ಣೀತಪಾಠವೆಂದೂ, ಅಲ್ಲಿ ಈಗ ಇಲ್ಲದ ಹೆಸರುಗಳು ಕೆಲವು ಒಂದು ಕಾಲದಲ್ಲಿ ಅಷ್ಟೇ ಸ್ಪಷ್ಟವಾಗಿ ಅಚ್ಚಾಗಿದ್ದುವೆಂದೂ ತಿಳಿದ ವಿದ್ಯಾರ್ಥಿಯು ಆ ಚಿತ್ರವನ್ನು ಹೆಚ್ಚು ಗೌರವದಿಂದಲೂ ಹೆಚ್ಚು ಎಚ್ಚರದಿಂದಲೂ ನೋಡುವನು. ಶಾಸನವನ್ನೊ ಓಲೆಯನ್ನೊ ಓದಲು ಕಲಿತವರಿಗೆ ಈ ಎರಡು ಗುಣಗಳ ಬೆಲೆಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.